ಜಪಾನ್ ಬಗ್ಗೆ ಬರೀರಿ, ಆದ್ರೆ "ವಿಚಿತ್ರ" ಅನ್ನೋದನ್ನ ಪಕ್ಕಕ್ಕಿಟ್ಟು ಬರೀರಿ

ನಮಸ್ಕಾರ,

ನಿಮ್ಮ "ಉದಯರವಿಯ ನಾಡಿನ ಕತ್ತಲ ಲೋಕ" ಲೇಖನ ಬಂದು ಸುಮಾರು ದಿನ ಆಯ್ತು, ಉತ್ತರ ತಡ ಆಗಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ. ನೇರವಾಗೇ ಹೇಳ್ಬಿಡ್ತೀನಿ, ಈಗಿರೋ ರೂಪದಲ್ಲಿ ಇದನ್ನ ಹಾಕೋಕಾಗಲ್ಲ. ವಿಷಯ ಕೊಳಕು, ಓದೋರು ಬೈತಾರೆ ಅಂತೆಲ್ಲ ಏನಿಲ್ಲ. ಜಪಾನಿನ ಅಡಲ್ಟ್ ವಿಡಿಯೋ ಉದ್ಯಮದ ಬಗ್ಗೆ ಕನ್ನಡದಲ್ಲಿ ನೆಟ್ಟಗೆ ಬರೆದಿರೋದು ನಾನು ನೋಡಿರೋದೇ ಕಮ್ಮಿ, ಯಾರಾದ್ರೂ ಬರೀಲಿ ಅಂತ ನನಗೂ ಆಸೆ ಇದೆ. ತೊಂದ್ರೆ ಏನಂದ್ರೆ ನಿಮ್ಮ ಲೇಖನದಲ್ಲಿ "ವಿಚಿತ್ರ" ಅನ್ನೋದು ಪ್ಯಾರಾ ಪ್ಯಾರಾಗೂ ಬರುತ್ತೆ, ಆದ್ರೆ ಆ ವಿಚಿತ್ರ ನಡೆಯೋದು ಹೇಗೆ ಅನ್ನೋದು ಎಲ್ಲೂ ಬರಲ್ಲ. ಯಾರು ಯಾರಿಗೆ ದುಡ್ಡು ಕೊಡ್ತಾರೆ, ಯಾರು ಯಾವ ಕಾಗದಕ್ಕೆ ಸೈನ್ ಹಾಕ್ತಾರೆ, ಪೊಲೀಸ್ನೋರು ಯಾವಾಗ ಬರ್ತಾರೆ, ಯಾವಾಗ ಕಣ್ಣುಮುಚ್ಕೊಂಡು ಇರ್ತಾರೆ, ಇದ್ಯಾವ್ದೂ ಇಲ್ದೆ ಬರೀ "ಅಬ್ಬಾ" ಅಂತ ಬಾಯಿ ತೆಗೆದು ನಿಂತ್ರೆ ಓದೋನಿಗೆ ಏನು ಸಿಗುತ್ತೆ ಹೇಳಿ.

ಮೊದಲ್ನೇ ಪುಟ. ಸಮುರಾಯ್, ಗೇಶಾ, ಯೊಶಿವಾರ ಅನ್ನೋ ಹಳೇ ವೇಶ್ಯಾಕೇರಿ, ಹಳೇ ಕಾಮಚಿತ್ರಗಳು, ಎಲ್ಲಾನೂ ಒಂದೇ ಉಸಿರಲ್ಲಿ ಹೇಳಿ "ಹೀಗಾಗಿ ಜಪಾನೀಯರಿಗೆ ನಾಚಿಕೆ ಎಂಬುದೇ ಇಲ್ಲ" ಅಂತ ಮುಗಿಸಿದೀರ. ಗೇಶಾನ ಮೊದ್ಲು ತೆಗೀರಿ, ಅವ್ರು ಹಾಡು ಕುಣಿತದ ಕಲಾವಿದೆಯರು, ಈ ಲೆಕ್ಕಕ್ಕೆ ಬರಲ್ಲ. ಯೊಶಿವಾರ ಬೇಕಾದ್ರೆ ಇರ್ಲಿ, ಆದ್ರೆ 1617ರಲ್ಲಿ ಸರ್ಕಾರಾನೇ ಪರ್ಮಿಷನ್ ಕೊಟ್ಟು ಶುರುವಾದ ಆ ಕೇರಿ ಹೇಗೆ ಮುಚ್ತು ಅನ್ನೋದನ್ನೂ ಹೇಳ್ಬೇಕು ತಾನೆ? ವೇಶ್ಯಾವಾಟಿಕೆ ತಡೆ ಕಾಯ್ದೆ ಆಗಿದ್ದು 1956ರಲ್ಲಿ, ಶಿಕ್ಷೆಯ ಕಲಂಗಳು ಜಾರಿಗೆ ಬಂದಿದ್ದು 1958ರ ಏಪ್ರಿಲ್‌ನಲ್ಲಿ. ಆ ಕಾಯ್ದೆ ಓದಿದ್ರೆ ನಿಮ್ಮ ಲೇಖನದ ಬೆನ್ನೆಲುಬೇ ಸಿಗ್ತಿತ್ತು. ಮಾರೋದೂ ತಪ್ಪು, ಕೊಳ್ಳೋದೂ ತಪ್ಪು ಅನ್ನುತ್ತೆ, ಆದ್ರೆ ಬರೀ ಅಷ್ಟಕ್ಕೇ ಇಬ್ರಿಗೂ ಶಿಕ್ಷೆ ಇಲ್ಲ, ಶಿಕ್ಷೆ ಇರೋದು ರಸ್ತೇಲಿ ನಿಂತು ಕರೆಯೋರಿಗೆ, ದಲ್ಲಾಳಿಗೆ, ಜಾಗ ಕೊಡೋನಿಗೆ. ಕಾಯ್ದೆ ಪ್ರಕಾರ ನಿಷಿದ್ಧ ಅಂದ್ರೆ ಸಂಭೋಗ ಮಾತ್ರ, ಉಳಿದ ಸೇವೆಗಳನ್ನೆಲ್ಲ ಇನ್ನೊಂದು ಕಾಯ್ದೆ ಅಡಿ ಅರ್ಜಿ ಕೊಟ್ಟು ರಾಜಾರೋಷವಾಗಿ ನಡೆಸ್ಬಹುದು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಆ ದೀಪದ ಬೆಳಕಲ್ಲೇ ಇಡೀ ಉದ್ಯಮ ಬೆಳೆದಿರೋದು, ನಾಚಿಕೆ ಇಲ್ದೆ ಅಲ್ಲ.

ನಾಚಿಕೆ ವಿಷಯಕ್ಕೇ ಬರೋಣ. 2ನೇ ಪುಟದಲ್ಲಿ "ಎಲ್ಲವೂ ಮುಕ್ತ" ಅಂತೀರ, 4ನೇ ಪುಟದಲ್ಲಿ "ಆದರೂ ಮೊಸಾಯಿಕ್ ಹಾಕುತ್ತಾರೆ, ಎಂಥಾ ವಿಚಿತ್ರ!" ಅಂತೀರ (ಮೊಸಾಯಿಕ್ ಅಂದ್ರೆ ಜನನಾಂಗ ಕಾಣದ ಹಾಗೆ ಮೇಲೆ ಹಾಕೋ ಮಸುಕು ಚೌಕಗಳು). ಎರಡೂ ಹೇಗೆ ನಿಜ ಆಗುತ್ತೆ ಅಂತ ನಿಮಗೇ ಅನುಮಾನ ಬರ್ಬೇಕಿತ್ತು. ಅಲ್ಲಿನ ದಂಡಸಂಹಿತೆ 1907ರದ್ದು, ಅದರ 175ನೇ ಕಲಂ ಅಶ್ಲೀಲ ವಸ್ತು ಹಂಚೋದನ್ನ ಅಪರಾಧ ಅನ್ನುತ್ತೆ, ಅದು ಇವತ್ತಿಗೂ ಜೀವಂತ. 1957ರಲ್ಲಿ ಡಿ.ಎಚ್. ಲಾರೆನ್ಸ್ ಕಾದಂಬರಿ ಅನುವಾದ ಮಾಡಿದ್ದಕ್ಕೆ ಅನುವಾದಕನಿಗೂ ಪ್ರಕಾಶಕನಿಗೂ ಸುಪ್ರೀಂ ಕೋರ್ಟ್ ಶಿಕ್ಷೆ ಖಾಯಂ ಮಾಡ್ತು. ವಿಡಿಯೋ ಕಂಪನಿಗಳು ಪೊಲೀಸರ ಕಾಟ ತಪ್ಪಿಸ್ಕೊಳ್ಳೋಕೆ ತಾವೇ ಪರಿಶೀಲನಾ ಸಂಸ್ಥೆ ಕಟ್ಕೊಂಡ್ರು, 1972ರಲ್ಲಿ ಹುಟ್ಟಿದ ಅಂಥ ಒಂದು ಸಂಸ್ಥೆ ಮೇಲೇ 2007ರಲ್ಲಿ ರೇಡ್ ಆಯ್ತು, ಮೊಸಾಯಿಕ್ ತೀರಾ ತೆಳು ಅಂತ, ಆಮೇಲೆ ಪಾಸ್ ಮಾಡಿದ ಪರಿಶೀಲಕರಿಗೇ ಶಿಕ್ಷೆ ಆಯ್ತು! ಒಬ್ಬ ವ್ಯಕ್ತಿ ಕುರ್ಚೀಲಿ ಕೂತು ದಿನವಿಡೀ ಫ್ರೇಮ್ ಫ್ರೇಮ್ ನೋಡ್ತಾ ಈ ಚೌಕ ಇನ್ನೊಂಚೂರು ದಪ್ಪ ಆಗ್ಬೇಕಾ ಅಂತ ಯೋಚಿಸೋ ಉದ್ಯೋಗ ಅದು, ಇದಕ್ಕಿಂತ ಒಳ್ಳೇ ಶುರು ನಿಮಗೆಲ್ಲಿ ಸಿಗುತ್ತೆ? ಇನ್ನೊಂದು, ರೊಕುದೆನಾಶಿಕೊ ಅನ್ನೋ ಹೆಸರಲ್ಲಿ ಕೆಲಸ ಮಾಡೋ ಕಲಾವಿದೆ ತನ್ನದೇ ಅಂಗದ 3ಡಿ ಡೇಟಾ ಹಂಚಿದ್ದಕ್ಕೆ 2014ರಲ್ಲಿ ಅರೆಸ್ಟ್ ಆದ್ರು, 2020ರಲ್ಲಿ ಸುಪ್ರೀಂ ಕೋರ್ಟ್ 4 ಲಕ್ಷ ಯೆನ್ ದಂಡ ಎತ್ತಿಹಿಡೀತು. ಟೋಕಿಯೋದ ಕಬುಕಿಚೋ ಅನ್ನೋ ಮೋಜಿನ ಕೇರೀಲಿ ಲೈಂಗಿಕ ಸೇವೆಯ ಅಷ್ಟೊಂದು ಬೋರ್ಡು, ಕೋರ್ಟಲ್ಲಿ ಈ ಹೆಂಗಸು. ಎರಡೂ ಒಂದೇ ಊರಲ್ಲಿ.

ಸಿನಿಮಾ ಇತಿಹಾಸದ ಭಾಗ ಪರ್ವಾಗಿಲ್ಲ, ಆದ್ರೆ "ವಿಎಚ್‌ಎಸ್ ಗೆದ್ದಿದ್ದೇ ಇಂಥ ಚಿತ್ರಗಳಿಂದ" ಅನ್ನೋದು ಕೇಳಿ ಕೇಳಿ ಹಳಸಿದ ಕಥೆ. ವಿಎಚ್‌ಎಸ್‌ಗೆ ಪೈಪೋಟಿ ಕೊಟ್ಟ ಸೋನಿಯ ಬೀಟಾಮ್ಯಾಕ್ಸ್ ವಿಡಿಯೋ ಟೇಪ್ ಶುರೂಲಿ 1 ಗಂಟೆ ಮಾತ್ರ ರೆಕಾರ್ಡ್ ಮಾಡ್ತಿತ್ತು, ವಿಎಚ್‌ಎಸ್ 2 ಗಂಟೆ, ಅಂಥ ಕಾರಣಗಳೂ ಇದ್ವು. ಅದರ ಬದಲು ನಿಕ್ಕಾತ್ಸು ಬಗ್ಗೆ ಬರೀರಿ. 1912ರಲ್ಲಿ ಹುಟ್ಟಿದ ದೊಡ್ಡ ಸ್ಟುಡಿಯೋ, ಟಿವಿ ಬಂದು ಥಿಯೇಟರ್ ಖಾಲಿಯಾದಾಗ 1971ರಿಂದ ಕಾಮಚಿತ್ರಗಳನ್ನೇ ತೆಗೆದು ಜೀವ ಉಳಿಸ್ಕೊಳ್ತು, 1980ರ ದಶಕದಲ್ಲಿ ಮನೆಮನೆಗೆ ವಿಡಿಯೋ ಬಂದ್ಮೇಲೆ ಅದೂ ನಡೀದೆ 1988ಕ್ಕೆ ಆ ಸರಣಿ ಮುಚ್ತು. ಇಂಥ ಕಮ್ಮಿ ಬಜೆಟ್ಟಿನ ಪಿಂಕ್ ಸಿನಿಮಾದಲ್ಲೇ ಕೈ ಪಳಗಿಸ್ಕೊಂಡ ಯೋಜಿರೋ ತಕಿತಾ ಅವ್ರ ಸಿನಿಮಾಗೆ 2009ರಲ್ಲಿ ಆಸ್ಕರ್ ಬಂತು. ನೀವು ತಕಿತಾ ಹೆಸ್ರನ್ನೇ ಎತ್ತಿಲ್ಲ.

ಈಗ ಮುಖ್ಯ ಮಾತು. ನಿಮ್ಮ 6ನೇ ಪುಟದ ಕೊನೇಲಿ ಒಂದು ಸಾಲಿದೆ, "ಇತ್ತೀಚೆಗೆ ಸರ್ಕಾರ ಹೊಸ ಕಾನೂನನ್ನೂ ತಂದಿದೆ." ಅಷ್ಟೇ, ಮುಂದಕ್ಕೆ ಹೋಗ್ಬಿಟ್ರಿ. ಸ್ವಾಮಿ, ಲೇಖನ ಇರೋದೇ ಅಲ್ಲಿ!

2015ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ ಜಿಲ್ಲಾ ಕೋರ್ಟಲ್ಲಿ ಒಂದು ತೀರ್ಪು ಬಂತು. ಒಬ್ಬ ಯುವತಿ ಇನ್ಮೇಲೆ ಶೂಟಿಂಗಿಗೆ ಬರಲ್ಲ ಅಂದಿದ್ದಕ್ಕೆ ಏಜೆನ್ಸಿ ಕಾಂಟ್ರಾಕ್ಟ್ ತೋರಿಸಿ 2 ಕೋಟಿ 46 ಲಕ್ಷ ಯೆನ್ ನಷ್ಟ ತುಂಬ್ಕೊಡು ಅಂತ ಕೇಸ್ ಹಾಕಿತ್ತು. ಮಾಡೆಲಿಂಗ್ ಅಂತ ಕರ್ಕೊಂಡ್ ಹೋದ ಹುಡುಗಿ. ಮನಸ್ಸಿಲ್ದೇ ಇರೋರ ಕೈಲಿ ಬಲವಂತವಾಗಿ ಮಾಡಿಸೋ ಕೆಲಸ ಅಲ್ಲ ಇದು ಅಂತ ಕೋರ್ಟ್ ಏಜೆನ್ಸಿ ಕೇಸನ್ನ ವಜಾ ಮಾಡ್ತು. ಮಾರನೇ ವರ್ಷ ಹ್ಯೂಮನ್ ರೈಟ್ಸ್ ನೌ ಅನ್ನೋ ಸಂಘಟನೆ ಇಂಥ ಬಲವಂತದ ಬಗ್ಗೆ ವರದಿ ತಂತು, ಆಮೇಲೆ ಅರೆಸ್ಟುಗಳಾದ್ವು, ಉದ್ಯಮದೋರೂ ಒಂದಿಷ್ಟು ನಿಯಮ ಮಾಡ್ಕೊಂಡ್ರು. ಇಲ್ಲಿ ದುಡ್ಡು ಹರಿಯೋ ದಾರಿ ವಿವರಿಸ್ಬೇಕು ನೀವು. ಕಂಪನಿ ದುಡ್ಡು ಕೊಡೋದು ಏಜೆನ್ಸಿಗೆ, ಏಜೆನ್ಸಿ ತನ್ನ ಪಾಲು ಹಿಡ್ಕೊಂಡು ನಟಿಗೆ ಕೊಡುತ್ತೆ, ಒಟ್ಟು ಎಷ್ಟು ಬಂತು ಅನ್ನೋದು ಎಷ್ಟೋ ನಟಿಯರಿಗೆ ಗೊತ್ತೇ ಆಗ್ತಿರಲಿಲ್ಲ. ಒಂದೇ ಕಂಪನಿ ಜೊತೆ ಕಾಂಟ್ರಾಕ್ಟ್ ಇರೋ, ಕವರ್ ಮೇಲೆ ಹೆಸರು ಬರೋ ಸ್ಟಾರ್‌ಗಳು ಬೆರಳೆಣಿಕೆ, ಕೆಳಗೆ ಹೆಸರೇ ಇಲ್ದೆ ಬಂದು ಹೋಗೋರು ಬೇಜಾನ್. ನೀವು ಬರೆದಿರೋದೆಲ್ಲ ಮೇಲಿನ ಸ್ಟಾರ್‌ಗಳ ಬಗ್ಗೇನೇ.

2022ರ ಏಪ್ರಿಲ್ 1ಕ್ಕೆ ಜಪಾನಲ್ಲಿ ವಯಸ್ಕರಾಗೋ ವಯಸ್ಸು 20ರಿಂದ 18ಕ್ಕೆ ಇಳೀತು. ಅಲ್ಲೀವರೆಗೂ 18, 19ರ ಹುಡುಗೀರು ಅಪ್ಪ ಅಮ್ಮನ ಒಪ್ಪಿಗೆ ಇಲ್ದೆ ಸೈನ್ ಹಾಕಿದ್ರೆ ಆ ಕಾಂಟ್ರಾಕ್ಟನ್ನ ರದ್ದು ಮಾಡ್ಬಹುದಿತ್ತು, ಆ ರಕ್ಷಣೆ ರಾತ್ರೋರಾತ್ರಿ ಹೋಯ್ತು. ಗಲಾಟೆ ಆಯ್ತು, ಆಡಳಿತ ಪಕ್ಷ, ವಿರೋಧ ಪಕ್ಷದೋರು ಸೇರಿ ಅವಸರಕ್ಕೆ ಒಂದು ಕಾಯ್ದೆ ಮಾಡಿ ಅದೇ ಜೂನ್ 15ಕ್ಕೆ ಪಾಸ್ ಮಾಡಿದ್ರು, 23ಕ್ಕೆ ಜಾರಿ. ಕಾಂಟ್ರಾಕ್ಟ್ ಬರಹದಲ್ಲೇ ಇರ್ಬೇಕು, ಒಂದೊಂದು ವಿಡಿಯೋಗೂ ಬೇರೆ ಬೇರೆ, ಸೈನ್ ಆಗಿ 1 ತಿಂಗಳು ಆಗೋವರೆಗೂ ಶೂಟಿಂಗ್ ಮಾಡೋ ಹಾಗಿಲ್ಲ, ಶೂಟಿಂಗ್ ಮುಗಿದು 4 ತಿಂಗಳು ರಿಲೀಸ್ ಮಾಡೋ ಹಾಗಿಲ್ಲ, ರಿಲೀಸ್ ಆದ್ಮೇಲೂ 1 ವರ್ಷದವರೆಗೆ ನಟಿಸಿದೋರು ಯಾವ ಕಾರಣಾನೂ ಕೊಡದೆ ಬೇಡ ಅಂತ ಕಾಂಟ್ರಾಕ್ಟ್ ರದ್ದು ಮಾಡ್ಬಹುದು, ಶುರೂಲಿ ಅದು 2 ವರ್ಷ ಇತ್ತು. ವಯಸ್ಸು ಎಷ್ಟೇ ಇರ್ಲಿ, ಗಂಡಾಗ್ಲಿ ಹೆಣ್ಣಾಗ್ಲಿ.

ಚೆನ್ನಾಗಿದೆ ಅಲ್ವಾ ಅನ್ಸುತ್ತೆ, ಆದ್ರೆ ಇದನ್ನ ಬೈದೋರಲ್ಲಿ ನಟಿಯರೇ ಇದ್ರು. ನಮ್ಮನ್ನ ಕೇಳದೇ ಮಾಡಿದ್ರು, ಫಿಕ್ಸ್ ಆಗಿದ್ದ ಶೂಟಿಂಗ್‌ಗಳು ಕ್ಯಾನ್ಸಲ್ ಆದ್ವು, ಒಬ್ರಿಗೆ ಹುಷಾರಿಲ್ದಿದ್ರೆ ಬದಲಿ ನಟಿಯನ್ನೂ ಹಾಕೋಕಾಗಲ್ಲ ಯಾಕಂದ್ರೆ ಅವಳಿಗೂ 1 ತಿಂಗಳು ಕಾಯ್ಬೇಕು, ಹೀಗಾದ್ರೆ ನಿಯಮ ಪಾಲಿಸದ ಕಳ್ಳ ಶೂಟಿಂಗೇ ಜಾಸ್ತಿ ಆಗುತ್ತೆ ಅಂತ. ಇನ್ನೊಂದು ಕಡೆ, ಕ್ಯಾಮೆರಾ ಮುಂದೆ ನಿಜವಾದ ಸಂಭೋಗಕ್ಕೆ ಇದು ಕಾನೂನಿನ ಮುದ್ರೆ ಒತ್ತಿದ ಹಾಗಾಯ್ತು ಅಂತ ಮಹಿಳಾ ಸಂಘಟನೆಯೋರು ಮೇ ತಿಂಗಳಲ್ಲೇ ಬೀದಿಗಿಳಿದಿದ್ರು. ಇಬ್ರ ಮಾತೂ ಇರ್ಬೇಕು ಲೇಖನದಲ್ಲಿ, ನಿಮಗೆ ಯಾರ ಮಾತು ಸರಿ ಅನ್ಸುತ್ತೋ ಅದನ್ನೂ ಹೇಳಿ, ತೀರ್ಪು ಕೊಡೋಕೆ ಹೆದರ್ಬೇಡಿ. ನನ್ನ ಕೇಳಿದ್ರೆ ರಿಲೀಸ್ ಆದ್ಮೇಲೂ ಬೇಡ ಅನ್ನೋ ಹಕ್ಕು ಒಂದೇ ಸಾಕು ಈ ಕಾಯ್ದೆನ ಉಳಿಸ್ಕೊಳ್ಳೋಕೆ, 1 ತಿಂಗಳ ನಿಯಮ ಮಾತ್ರ ಹಳೇ ನಟಿಯರಿಗೂ ಹೊಸಬರಿಗೂ ಒಂದೇ ಇರೋದು ತಮಾಷೆ.

ಅದೇ ಜೂನ್ 30ಕ್ಕೆ ಇನ್ನೊಂದು ತೀರ್ಪು ಬಂತು, ಇದೂ ನಿಮ್ಮಲ್ಲಿಲ್ಲ. 2020ರ ಕೊರೊನಾದಲ್ಲಿ ಸರ್ಕಾರ ಸಣ್ಣ ವ್ಯಾಪಾರಿಗಳಿಗೆ ಪರಿಹಾರ ಕೊಡ್ತು, ಕಂಪನಿಗಾದ್ರೆ 20 ಲಕ್ಷ ಯೆನ್ ತನಕ, ಒಂಟಿ ವ್ಯಾಪಾರಿಗೆ 10 ಲಕ್ಷ. ಹೋಟೆಲ್, ಬಾರ್, ಸಲೂನ್ ಎಲ್ರಿಗೂ ಸಿಕ್ತು, ಲೈಂಗಿಕ ಸೇವೆಯ ವ್ಯಾಪಾರಕ್ಕೆ ಮಾತ್ರ ಇಲ್ಲ ಅಂದ್ರು. ಕಾನೂನು ಪ್ರಕಾರ ನೋಂದಣಿ ಆಗಿರೋ, ಟ್ಯಾಕ್ಸ್ ಕಟ್ಟೋ ಒಬ್ಬ ಮಾಲೀಕರು ಕೋರ್ಟಿಗೆ ಹೋದ್ರು. ಇದು ಮೂಲದಲ್ಲೇ ಆರೋಗ್ಯಕರವಲ್ಲದ ವ್ಯಾಪಾರ ಅಂತ ಸರ್ಕಾರ ವಾದ ಮಾಡ್ತು, ಪರಿಹಾರ ಕೊಡದಿದ್ದದ್ದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತ ಕೋರ್ಟ್ ಅಂತು. ಟ್ಯಾಕ್ಸ್ ಇಸ್ಕೊಳ್ಳೋಕೆ ಮಾತ್ರ ಆ ಅನಾರೋಗ್ಯ ಅಡ್ಡ ಬರಲಿಲ್ಲ. ಒಂದೇ ತಿಂಗಳಲ್ಲಿ ಒಂದು ಕಡೆ ರಕ್ಷಣೆ ಕೊಡ್ತೀವಿ ಅಂತ ಕಾಯ್ದೆ, ಇನ್ನೊಂದು ಕಡೆ ನಿಮ್ಮದು ನಮ್ಮ ಲೆಕ್ಕದಲ್ಲಿಲ್ಲ ಅಂತ ತೀರ್ಪು. "ಜಪಾನ್ ಸಮಾಜದಲ್ಲಿ ಇದರ ಸ್ಥಾನವೇನು?" ಅಂತ ನೀವು ದಪ್ಪಕ್ಷರದಲ್ಲಿ ಕೇಳಿದೀರಲ್ಲ, ಈ ಜೂನ್ ತಿಂಗಳನ್ನ ಬಿಡಿಸಿ ಹೇಳಿದ್ರೆ ಬೇರೆ ಉತ್ತರಾನೇ ಬೇಕಿಲ್ಲ.

ಇನ್ನು ಮನೆ ಮಟ್ಟಕ್ಕೆ ಇಳಿದು ನೋಡಿ. ಈ ಕೆಲಸ ಮಾಡೋ ಹುಡುಗಿ ಟೋಕಿಯೋದಲ್ಲಿ ಬಾಡಿಗೆ ಮನೆ ಹಿಡೀಬೇಕು, ಫಾರ್ಮಲ್ಲಿ ಉದ್ಯೋಗ ಏನು ಅಂತ ಕೇಳ್ತಾರೆ, ಅಲ್ಲಿಗೇನು ಬರೀತಾಳೆ? ಅದಕ್ಕೇ "ಅಲಿಬಿ ಕಂಪನಿ" ಅಂತ ಇವೆ, ದುಡ್ಡು ಕೊಟ್ರೆ ನೀನು ನಮ್ಮ ಆಫೀಸಲ್ಲಿ ಕೆಲಸಕ್ಕಿದೀಯ ಅಂತ ಸಂಬಳದ ಚೀಟಿ ಮಾಡ್ಕೊಡ್ತಾರೆ, ಮನೆ ಏಜೆಂಟ್ ಫೋನ್ ಮಾಡಿದ್ರೆ "ಹೌದು, ಈಗ ಸೀಟಲ್ಲಿಲ್ಲ" ಅಂತ ಒಬ್ರು ಉತ್ತರಾನೂ ಕೊಡ್ತಾರೆ. ಹಗಲು ಬೇರೆ ಕಡೆ ಕೆಲಸ ಮಾಡೋಳಾದ್ರೆ ಇನ್ನೊಂದು ಭಯ, ಸ್ಥಳೀಯ ತೆರಿಗೆಯನ್ನ ಸಂಬಳದಲ್ಲೇ ಹಿಡೀತಾರೆ, ಆ ಮೊತ್ತ ಇದ್ದಕ್ಕಿದ್ದ ಹಾಗೆ ಜಾಸ್ತಿ ಬಂದ್ರೆ ಆಫೀಸಿನ ಲೆಕ್ಕದೋರಿಗೆ ಇವಳಿಗೆ ಬೇರೆ ಸಂಪಾದನೆ ಇದೆ ಅಂತ ಗೊತ್ತಾಗ್ಬಿಡುತ್ತೆ. ನಾಚಿಕೆ ಇಲ್ಲದ ದೇಶದಲ್ಲಿ ಇದೆಲ್ಲ ಯಾಕೆ ಬೇಕಿತ್ತು ಅಂತ ಒಮ್ಮೆ ಯೋಚ್ನೆ ಮಾಡಿ.

ನೀವು ಕಂಪನಿ ಕೆಲಸದ ಮೇಲೆ ಕಳೆದ ವರ್ಷ ಟೋಕಿಯೋದಲ್ಲಿದ್ದೆ ಅಂತ ಬರ್ದಿದೀರ. ಒಳ್ಳೇದು, ಆದ್ರೆ "ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಮಕ್ಕಳ ಕಣ್ಣಿಗೇ ಬೀಳುವಂತೆ ಸಾಲುಸಾಲಾಗಿ ಅಶ್ಲೀಲ ಪತ್ರಿಕೆಗಳು" ಅನ್ನೋದು ನೀವು ನೋಡಿದ್ದಲ್ಲ, ಯಾವ್ದೋ ಹಳೇ ಲೇಖನದಿಂದ ಎತ್ತಿದ್ದು. ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿ ಮಾರ್ಟ್ ಮೂರೂ ರಗ್ಬಿ ವಿಶ್ವಕಪ್, ಒಲಿಂಪಿಕ್ಸ್‌ಗೆ ಫಾರಿನ್ನೋರು ಬರ್ತಾರೆ ಅನ್ನೋ ಹೊತ್ತಿಗೆ, 2019ರ ಆಗಸ್ಟ್ ಕೊನೆಗೆ ಮಾರಾಟ ನಿಲ್ಲಿಸಿದ್ವು. ನೀವು ನಿಜವಾಗ್ಲೂ ನೋಡಿರೋದು ಎರಡೇ, ಎರಡೂ ಚೆನ್ನಾಗಿವೆ. ಡಿವಿಡಿ ಅಂಗಡೀಲಿ ಅನಿಮೆ ಸಾಲು ಮುಗಿಯೋ ಕಡೆ ಒಂದು ಬಟ್ಟೆ ಪರದೆ, ಅದರ ಮೇಲೆ 18 ಅಂತ, ಒಳಗಿಂದ ಬಂದ ಸೂಟು ಹಾಕಿದ ಮನುಷ್ಯ ಯಾರ ಮುಖಾನೂ ನೋಡದೆ ಕೌಂಟರ್‌ಗೆ ಹೋಗಿದ್ದು. ಇನ್ನೊಂದು ಕಬುಕಿಚೋದಲ್ಲಿ ಹುಡುಗರ ಫೋಟೋ ಅಂಟಿಸ್ಕೊಂಡು ಹಾಡು ಹಾಕ್ಕೊಂಡು ಹೋದ ಲಾರಿ. ಅದನ್ನ "ಯಾವುದೋ ಗಾಯಕರ ಬ್ಯಾಂಡ್" ಅಂದಿದೀರ, ಅಲ್ಲ ಮಾರಾಯ್ರೆ, ಅದು ಹೋಸ್ಟ್ ಕ್ಲಬ್ ಜಾಹೀರಾತು, ಅಂದ್ರೆ ಹುಡುಗರು ಹೆಂಗಸ್ರ ಜೊತೆ ಕೂತು ಕಂಪನಿ ಕೊಡೋ ಬಾರ್! ಅಲ್ಲಿ ಹುಡುಗೀರು ಈ ಹುಡುಗರ ಮೋಹಕ್ಕೆ ಬಿದ್ದು ಸಾಲದ ಮೇಲೆ ಶಾಂಪೇನ್ ತರಿಸ್ತಾರೆ, ಆ ಸಾಲ ತೀರಿಸೋಕೆ ಅವ್ರನ್ನ ಲೈಂಗಿಕ ಸೇವೆಯ ಅಂಗಡಿಗೆ ತಳ್ಳೋದು ದೊಡ್ಡ ಸುದ್ದಿ ಆಗಿ 2025ರ ಜೂನ್‌ನಲ್ಲಿ ಅದನ್ನ ತಡೆಯೋಕೂ ಕಾನೂನು ತಿದ್ದುಪಡಿ ಜಾರಿಗೆ ಬಂತು. ನಿಮ್ಮ ಕಣ್ಣೆದುರಿಗೇ ಹೋಗಿದೆ ಕಥೆ.

ತೆಗೀಬೇಕಾಗಿರೋದು ಕೆಲವಿವೆ. "ಲಕ್ಷಾಂತರ ಕೋಟಿ ವಹಿವಾಟು" ಅನ್ನೋದಕ್ಕೆ ಆಧಾರ ಕೊಡಿ, ಇಲ್ಲಾಂದ್ರೆ ಬೇಡ. ಗಂಡು ನಟರು ಬಂಗಾಳ ಹುಲಿಗಿಂತ ಕಮ್ಮಿ ಅನ್ನೋದು ಶಿಮಿಕೆನ್ ಅನ್ನೋ ನಟ ಕಿಚಾಯಿಸಿ ಹೇಳಿದ್ದು, ನೀವು ಅಂಕಿಅಂಶ ಅಂತ ಹಾಕಿದೀರ, ಹೇಳಿದ್ದು ಯಾರು ಅಂತ ಬರ್ದು ಇಟ್ಕೊಳ್ಳಿ. ದೇವದಾಸಿ ಪದ್ಧತಿ ಜೊತೆ ಹೋಲಿಸಿದ ಪ್ಯಾರಾ ಪೂರ್ತಿ ಹೋಗ್ಲಿ, ಅದರ ಕಾರಣಗಳೇ ಬೇರೆ, ಹೀಗೆ ತುರುಕಿದ್ರೆ ಎರಡಕ್ಕೂ ಅನ್ಯಾಯ. "ಮಾದಕ ಮೈಮಾಟದ", "ರಸಿಕರ ಕನಸಿನ ರಾಣಿ" ಇಂಥವು ಒಂದೂ ಬೇಡ, ಶೋಷಣೆ ಬಗ್ಗೆ ಬರೀತಾ ಜೊಲ್ಲು ಸುರಿಸಿದ್ರೆ ಯಾರೂ ನಂಬಲ್ಲ. ಮತ್ತೆ ಆ ಹಳೇ ನಟಿ ಈಗೆಲ್ಲಿದಾರೆ ಅಂತ ಹೆಸರು ಊರು ಸಮೇತ ಬರ್ದಿದೀರಲ್ಲ, ಅದನ್ನ ನಾನೇ ಅಳಿಸಿ ಹಾಕಿದೀನಿ. ಕ್ಯಾಮೆರಾ ಬಿಟ್ಟು ದೂರ ಹೋದ ಹೆಂಗಸಿನ ಜೀವನಾನ ಅವರ ಒಪ್ಪಿಗೆ ಇಲ್ದೆ ಕಥೆ ಮಾಡಿದ್ರು ಅಂತ 2019ರ ಒಂದು ನೆಟ್‌ಫ್ಲಿಕ್ಸ್ ಸೀರೀಸ್ ಬಗ್ಗೆ ಜಪಾನಲ್ಲೇ ಟೀಕೆ ಬಂದಿತ್ತು, ಆ ಕೆಲಸ ನಾವು ಮಾಡೋದು ಬೇಡ.

ಕೊನೇ ಪ್ಯಾರಾದಲ್ಲಿ "ನಮ್ಮ ಸಂಸ್ಕೃತಿಯೇ ಶ್ರೇಷ್ಠ" ಅಂತ ಇದೆ. ಆ ವಿಡಿಯೋಗಳನ್ನ ನಮ್ಮೂರಲ್ಲಿ ಯಾರೂ ನೋಡೇ ಇಲ್ಲ ಅನ್ನೋ ಹಾಗೆ!

2022ರ ಕಾಯ್ದೆಯಿಂದ ಶುರು ಮಾಡಿ, ಅಲ್ಲಿಂದ ಹಿಂದಕ್ಕೆ ಹೋಗಿ ಮುಂದಕ್ಕೆ ಬನ್ನಿ, ಈಗಿರೋದರ ಅರ್ಧ ಉದ್ದ ಸಾಕು, ಹೆಡ್ಡಿಂಗ್ ಬದಲಾಯಿಸಿ. ಆಮೇಲೆ ದಯವಿಟ್ಟು ನುಡಿ ಫಾಂಟಲ್ಲಿ ಟೈಪ್ ಮಾಡಿ ಪಿಡಿಎಫ್ ಕಳಿಸ್ಬೇಡಿ, ಕನ್ವರ್ಟ್ ಮಾಡಿದಾಗ ಒತ್ತಕ್ಷರ ಎಲ್ಲ ಎದ್ದೋಗಿ ಓದೋಕೆ ಪ್ರಾಣ ಹೋಯ್ತು, ಯೂನಿಕೋಡಲ್ಲಿ ಸೀದಾ ಮೇಲ್‌ನಲ್ಲೇ ಪೇಸ್ಟ್ ಮಾಡಿ ಕಳಿಸಿ.