ಟಿವಿಯಲ್ಲಿ ಕಂಡ ಹೆಂಗಸು ನಮ್ಮ ಅಮ್ಮನಾ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಲು ನನ್ನ ಬಳಿ ಬಂದ ತಾಯಿ-ಮಗನಲ್ಲಿ ಮಾತು ಶುರು ಮಾಡಿದ್ದು ಮಗ. "ಮೇಡಂ, ಅಮ್ಮನಿಗೆ ಫೇಸ್‌ಬುಕ್ ಚಟ ಹತ್ತಿದೆ. ಹೇಗಾದರೂ ಬಿಡಿಸಿ." ಪಕ್ಕದಲ್ಲಿ ಐವತ್ತೆಂಟು ವರ್ಷದ ಅಮ್ಮ ತಲೆ ತಗ್ಗಿಸಿ ಕೂತಿದ್ದರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಹತ್ತು ದಿನದಿಂದ ಅವರ ಫೋನ್ ಮಗನ ಹತ್ತಿರವೇ ಇತ್ತು.

ಎಲ್ಲ ಶುರುವಾದದ್ದು ಒಂದು ಟಿವಿ ಕಾರ್ಯಕ್ರಮದಿಂದ. ಒಂಟಿ ಹೆಂಗಸು, ಜಾಲತಾಣದಲ್ಲಿ ಸಿಕ್ಕ ಗೆಳೆಯ, ಕೊನೆಗೆ ಕಳೆದುಹೋದ ಹಣ. ಅದನ್ನು ನೋಡಿದ ರಾತ್ರಿಯೇ ಮಗ ಫೋನ್ ಕಸಿದುಕೊಂಡಿದ್ದರು. ಅವರ ಬಳಿ ಒಂದು ಫಾರ್ವರ್ಡ್ ಮೆಸೇಜ್ ಕೂಡ ಇತ್ತು. ದಿನಕ್ಕೆ ಮೂರು ಸೆಲ್ಫಿ ತೆಗೆದರೆ ಅದು ‘ಸೆಲ್ಫೈಟಿಸ್’ ಅನ್ನುವ ಮಾನಸಿಕ ಕಾಯಿಲೆ, ಅಮೆರಿಕದ ಮನೋವೈದ್ಯರ ಸಂಘವೇ ಹೇಳಿದೆ ಅಂತ. ಅಮ್ಮ ದಿನಾ ಬೆಳಿಗ್ಗೆ ಸೆಲ್ಫಿ ಹಾಕುತ್ತಿದ್ದರಲ್ಲ, ಮಗ ಹೆದರಿದ್ದರು.

ಮೊದಲು ಆ ಭಯ ಬಿಡಿಸಿದೆ. ಅದು 2014ರಲ್ಲಿ ಒಂದು ತಮಾಷೆ ಸುದ್ದಿಯ ವೆಬ್‌ಸೈಟ್ ಕಟ್ಟಿದ ಕಥೆ. ಆ ಸಂಘ ಹಾಗೆ ಹೇಳಿಯೇ ಇರಲಿಲ್ಲ. ಆದರೂ ಹಲವು ಮಾಧ್ಯಮಗಳು ಅದನ್ನು ನಿಜವೆಂದೇ ಪ್ರಕಟಿಸಿದವು. ಸೆಲ್ಫಿ ತೆಗೆಯುವವರು ಹೀಗೇ ಅನ್ನುವ ಚಿತ್ರ ಮೊದಲೇ ತಲೆಯಲ್ಲಿತ್ತು ಅಲ್ವಾ, ಪರೀಕ್ಷಿಸಬೇಕು ಅಂತ ಅನ್ನಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11, 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಚಟಕ್ಕೆ ಕಾಯಿಲೆಯ ಹೆಸರಿದೆ, ಜಾಲತಾಣ ಬಳಕೆಗೆ ಹಾಗೆ ಬೇರೆ ಹೆಸರಿಲ್ಲ. ಜಾಲತಾಣದಿಂದ ಯಾರಿಗೂ ತೊಂದರೆಯಾಗುವುದಿಲ್ಲ ಎಂದು ಇದರ ಅರ್ಥವಲ್ಲ. ತೊಂದರೆ ಇದೆಯಾ ಅಂತ ಬಳಸುವವರನ್ನೇ ಕೇಳಿ ತಿಳಿಯಬೇಕು.

ಕೇಳಿದೆ. ನಿದ್ದೆ ಚೆನ್ನಾಗಿತ್ತು. ಊಟ, ಓಡಾಟ, ನೆಂಟರ ಜೊತೆ ಮಾತು, ಯಾವುದೂ ಕಡಿಮೆಯಾಗಿರಲಿಲ್ಲ. ಫೋನ್ ಇಲ್ಲದ ಹತ್ತು ದಿನ ಬೇಜಾರಾಗಿತ್ತು, ಚಡಪಡಿಕೆ ಇರಲಿಲ್ಲ. ಗಿಡ ಬೆಳೆಸುವವರ ಒಂದು ಗುಂಪಿನಲ್ಲಿ ಅವರು ಇದ್ದರು. ಬೆಳಿಗ್ಗೆ ಅರಳಿದ ಹೂವಿನ ಪಕ್ಕ ನಿಂತು ಫೋಟೊ ಹಾಕುವುದು, ಎಲೆಗೆ ಚುಕ್ಕೆ ರೋಗ ಬಂದರೆ ಏನು ಮಾಡಬೇಕು ಅಂತ ಕೇಳುವುದು. ಅಷ್ಟೇ.

ಮಗನನ್ನು ಸ್ವಲ್ಪ ಹೊರಗೆ ಕೂರಿಸಿದ ಮೇಲೆ ಅಮ್ಮ ಮೆಲ್ಲಗೆ ಹೇಳಿದರು: "ಹೋದ ತಿಂಗಳು ಒಬ್ಬ ಗುರುತಿಲ್ಲದವನು ದುಡ್ಡು ಕೇಳಿ ಮೆಸೇಜ್ ಮಾಡಿದ್ದ. ನಾನೇ ಬ್ಲಾಕ್ ಮಾಡಿದೆ. ಮಗನಿಗೆ ಹೇಳಲಿಲ್ಲ. ಹೇಳಿದ್ರೆ ನನ್ನನ್ನೂ ಆ ಟಿವಿಯಲ್ಲಿ ಬರೋ ಹೆಂಗಸರ ಥರ ನೋಡ್ತಾನೆ ಅನ್ನಿಸ್ತು."

ಈ ಮಾತು ನನ್ನನ್ನು ತುಂಬಾ ಕಾಡಿತು. ಮೋಸ ಮಾಡುವವರು ಇರುವುದು ನಿಜ, ಅದನ್ನು ಸುದ್ದಿ ಮಾಡಲೇಬೇಕು. ಆದರೆ ಆ ಸುದ್ದಿಯಲ್ಲಿ ಮೋಸ ಮಾಡಿದವನ ಬಗ್ಗೆ ಎಷ್ಟಿರುತ್ತದೆ? ಮೋಸ ಹೋದವರ ಒಂಟಿತನ, ವಯಸ್ಸು, ಪೆದ್ದುತನ, ಇದೇ ಜಾಸ್ತಿ. ಗಿಡದ ಫೋಟೊ ಹಾಕಿ ನೆಮ್ಮದಿಯಾಗಿರುವ ಸಾವಿರಾರು ಜನ ಸುದ್ದಿಯಾಗುವುದಿಲ್ಲ. ಹಾಗಾಗಿ ನೋಡುವವರಿಗೆ ಒಂದೇ ಥರದ ಹೆಂಗಸು ಕಾಣುತ್ತಾಳೆ. ಆ ಹೆಂಗಸಿನ ಹಾಗೆ ಕಾಣಬಾರದು ಎಂಬ ನಾಚಿಕೆಗೆ ಜನ ಬಾಯಿ ಬಿಡುವುದಿಲ್ಲ. ಮೋಸಗಾರನಿಗೆ ಬೇಕಾಗಿರುವುದೂ ಅದೇ.

ಅವರ ಒಪ್ಪಿಗೆ ಪಡೆದು ಮಗನನ್ನು ಒಳಗೆ ಕರೆದೆ. ಅಮ್ಮ ತಾವೇ ಎಲ್ಲ ಹೇಳಿದರು. ಅಮ್ಮನ ಪುಟವನ್ನು ಒಮ್ಮೆಯಾದರೂ ನೋಡಿದ್ದೀರಾ ಅಂತ ಮಗನನ್ನು ಕೇಳಿದೆ. ನೋಡಿರಲಿಲ್ಲ. ಅಲ್ಲೇ ತೆರೆದರು. ಬರೀ ದಾಸವಾಳ, ಕರಿಬೇವು, ಒಂದು ಒಣಗಿದ ತುಳಸಿ.

ಇಬ್ಬರಿಗೂ ನಾನು ಕೊಟ್ಟ ಸಲಹೆ ಹೀಗಿತ್ತು. ಫೋನ್ ಇವತ್ತೇ ವಾಪಸ್ ಕೊಡಿ. ಪಾಸ್‌ವರ್ಡ್ ಅಮ್ಮನ ಹತ್ತಿರವೇ ಇರಲಿ. ಪ್ರೊಫೈಲ್ ಪರಿಚಯದವರಿಗೆ ಮಾತ್ರ ಕಾಣುವಂತೆ ಇಬ್ಬರೂ ಕೂತು ಸೆಟ್ ಮಾಡಿ. ಯಾರೇ ದುಡ್ಡು ಕೇಳಲಿ, ಓಟಿಪಿ ಕೇಳಲಿ, ಕೊಡಬೇಡಿ, ಅವತ್ತೇ ಮನೆಯಲ್ಲಿ ಹೇಳಿ. ಮಗನಿಗೆ ಇನ್ನೊಂದು ಮಾತು ಹೇಳಿದೆ: ಅಮ್ಮ ಹೇಳಿದಾಗ ಮೊದಲು "ಒಳ್ಳೇದಾಯ್ತು ಹೇಳಿದ್ದು" ಅನ್ನಿ, ಬೈಗುಳ ಬೇಡ.

ಆರು ವಾರದ ನಂತರ ಇಬ್ಬರೂ ಮತ್ತೆ ಬಂದರು. ಅಷ್ಟರಲ್ಲಿ ಅಮ್ಮ ಎರಡು ಅನುಮಾನದ ಮೆಸೇಜ್‌ಗಳನ್ನು ತಾವಾಗಿಯೇ ಮಗನಿಗೆ ತೋರಿಸಿದ್ದರು.