ಆಟದ ಕೋಚ್ ಆಗುವ ಕೋರ್ಸ್ ಸೇರುವಾಗ ಡಿಸ್ಲೆಕ್ಸಿಯಾ (ಓದು-ಬರಹ ಕಷ್ಟವಾಗುವ ತೊಂದರೆ) ಇದೆ ಅಂತ ಫಾರಂನಲ್ಲಿ ಬರೆಯಬೇಕಾ, ಟ್ಯೂಟರ್ ಕಿವಿಗೆ ಹಾಕಿದರೆ ಸಾಕಾ?

ಬರೆಯಲೇಬೇಕು. "ಟ್ಯೂಟರ್ ಒಳ್ಳೆಯವರು, ಮೆಲ್ಲಗೆ ಹೇಳಿಕೊಂಡರೆ ನಡೆದುಹೋಗುತ್ತೆ" ಅಂತ ಬರೆದಿದ್ದೀರಲ್ಲ, ನನ್ನ ಟ್ಯೂಟರ್ ಕೂಡ ಒಳ್ಳೆಯವರೇ. ಎಡವಟ್ಟಾಗಿದ್ದೇ ಅಲ್ಲಿ.

ನಾನು ದಾವಣಗೆರೆಯವನು, ಈಗಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಚಿಕ್ಕಂದಿನಿಂದ ನನಗೂ ಅಕ್ಷರಕ್ಕೂ ಆಗಿಬಂದಿಲ್ಲ. ಕನ್ನಡದಲ್ಲಿ ಒತ್ತಕ್ಷರ ತಪ್ಪುತ್ತಿತ್ತು, ಇಂಗ್ಲಿಷಿನಲ್ಲಿ ಎಲ್ಲವೂ ತಪ್ಪುತ್ತಿತ್ತು. ದಡ್ಡ ಅಂತ ಮೇಷ್ಟ್ರು ಹೇಳಿದ್ದನ್ನು ನಾನೂ ನಂಬಿಕೊಂಡಿದ್ದೆ. ಇಲ್ಲಿ ಮಗಳಿಗೆ ಡಿಸ್ಲೆಕ್ಸಿಯಾ ಇದೆ ಅಂತ ಗೊತ್ತಾದಾಗ ಅವಳ ರಿಪೋರ್ಟನ್ನು ಹೆಂಡತಿ ಓದಿ ಹೇಳಿದಳು. ನನ್ನದೇ ಜಾತಕ ಓದಿದ ಹಾಗಿತ್ತು. ನಾನೂ ಪರೀಕ್ಷೆ ಮಾಡಿಸಿಕೊಂಡೆ, ನನಗೂ ಇತ್ತು.

ಶಟಲ್ ಚೆನ್ನಾಗಿ ಆಡುತ್ತಿದ್ದೆ. ಕ್ಲಬ್ಬಿನ ಮಕ್ಕಳಿಗೆ ಕಲಿಸೋಣ ಅಂತ ಬ್ಯಾಡ್ಮಿಂಟನ್ ಕೋಚ್ ಆಗುವ ಲೆವೆಲ್ 2 ಕೋರ್ಸ್ ಸೇರಿದೆ. ಕೋರ್ಟಿನಲ್ಲಿ ಕಲಿಸಿ ತೋರಿಸುವುದು ನನಗೆ ಕಷ್ಟವೇ ಅಲ್ಲ. ಆದರೆ ಸೆಷನ್ ಪ್ಲಾನ್, ರಿಸ್ಕ್ ಅಸೆಸ್‌ಮೆಂಟ್ (ಎಲ್ಲಿ ಅಪಾಯ ಇದೆ ಅನ್ನುವ ಲೆಕ್ಕ), ಪ್ರತಿ ಸೆಷನ್ ಮುಗಿದ ಮೇಲೆ ಯಾವುದು ಸರಿಹೋಯಿತು ಯಾವುದು ಕೈಕೊಟ್ಟಿತು ಅನ್ನುವ ವಿಮರ್ಶೆ, ಇದೆಲ್ಲ ಲಾಗ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಸೇರುವ ಫಾರಂನಲ್ಲಿ "ನಿಮಗೆ ಏನಾದರೂ ನೆರವು ಬೇಕಾ" ಅನ್ನುವ ಪ್ರಶ್ನೆ ಇತ್ತು. ನಾಚಿಕೆಯಿಂದ "ಇಲ್ಲ" ಅಂತ ಟಿಕ್ ಹಾಕಿದೆ.

ಆಮೇಲೆ ಊಟದ ಹೊತ್ತಿನಲ್ಲಿ ಟ್ಯೂಟರ್ ಹತ್ತಿರ ಹೇಳಿಕೊಂಡೆ. ನನ್ನ ಕೆಲಸ ನೋಡಿ ಪಾಸೋ ಫೇಲೋ ಹೇಳುವ ಅಸೆಸರ್ ಕೂಡ ಅವರೇ. ಪಾಪ, "ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ" ಅಂದರು. ಕ್ಯಾಂಟೀನಿನಲ್ಲಿ ಕೂತು ನಾನು ಹೇಳಿದ್ದನ್ನೆಲ್ಲ ನನ್ನ ಲಾಗ್‌ಬುಕ್ಕಿನಲ್ಲಿ ಅವರೇ ಬರೆದರು. ಒಂದು ಮಾತೂ ಅವರದ್ದಲ್ಲ, ಎಲ್ಲ ನನ್ನದೇ.

ಇಲ್ಲಿ ಅಸೆಸರ್ ಪಾಸ್ ಅಂದ ತಕ್ಷಣ ಕೆಲಸ ಮುಗಿಯುವುದಿಲ್ಲ. ಕ್ವಾಲಿಟಿ ನೋಡುವವರು ಕೆಲವರ ಲಾಗ್‌ಬುಕ್ ತೆಗೆದು ತಪಾಸಣೆ ಮಾಡುತ್ತಾರೆ. ನನ್ನದೂ ಸಿಕ್ಕಿತು. ಅವರ ಜಾಗದಲ್ಲಿ ನಿಂತು ನೋಡಿ. ಅಭ್ಯರ್ಥಿಯ ಪುಸ್ತಕದಲ್ಲಿ ಅಸೆಸರ್ ಕೈಬರಹ. ಅದಕ್ಕೆ ಸರಿ ಅಂತ ಸಹಿ ಹಾಕಿದವರೂ ಅದೇ ಅಸೆಸರ್. ನೆರವು ಬೇಕು ಅನ್ನುವ ಅರ್ಜಿ ಇಲ್ಲ, ಒಪ್ಪಿಗೆ ಇಲ್ಲ, ಫಾರಂನಲ್ಲಿ ನನ್ನದೇ "ಇಲ್ಲ". ಇದನ್ನು ನಕಲು ಅನ್ನದೆ ಇನ್ನೇನು ಅಂತಾರೆ? ಬರವಣಿಗೆಯ ಭಾಗವನ್ನೆಲ್ಲ ರದ್ದು ಮಾಡಿದರು. ಮತ್ತೆ ಫೀಸ್ ಕಟ್ಟಿದೆ. ಬೇಸಿಗೆ ಶಿಬಿರದಲ್ಲಿ ಸಿಗಬೇಕಿದ್ದ ಕೆಲಸವೂ ತಪ್ಪಿತು. ಉಪಕಾರ ಮಾಡಿದ ಆ ಮನುಷ್ಯನ ಮೇಲೆ ವಿಚಾರಣೆ ನಡೆಯಿತು. ನನಗೆ ಇವತ್ತಿಗೂ ಚುಚ್ಚುವುದು ಅದು. ಇದೇ ಕೆಲಸವನ್ನು ಅರ್ಜಿ ಹಾಕಿ, ನನಗೆ ಮಾರ್ಕ್ಸ್ ಕೊಡದ ಬೇರೊಬ್ಬರಿಂದ ಬರೆಸಿಕೊಂಡಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಎರಡನೇ ಸಲ ಮೊದಲೇ ಅರ್ಜಿ ಕೊಟ್ಟೆ. ತೊಂದರೆ ಇರುವವರಿಗೆ ತಕ್ಕ ಹಾಗೆ ಮಾಡಿಕೊಡುವ ಈ ಬದಲಾವಣೆಯನ್ನು ಇಲ್ಲಿ ರೀಸನಬಲ್ ಅಡ್ಜಸ್ಟ್‌ಮೆಂಟ್ ಅಂತಾರೆ. ಇಲ್ಲಿನ ಸಮಾನತೆ ಕಾಯ್ದೆ ಈಕ್ವಾಲಿಟಿ ಆಕ್ಟ್ 2010ರಲ್ಲಿ ಇರುವ ಹಕ್ಕು ಇದು. ಇದರ ಖರ್ಚನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ ಅನ್ನುವುದೂ ಅದೇ ಕಾಯ್ದೆಯಲ್ಲಿದೆ. ತೊಂದರೆಯ ಹೆಸರಿಗಿಂತ ಜಾಸ್ತಿ ಅವರು ಕೇಳಿದ್ದು "ನಿಮಗೆ ನಿಜವಾಗಿ ಎಲ್ಲಿ ತಡೆಯಾಗುತ್ತೆ" ಅಂತ. ಸೆಷನ್ ಪ್ಲಾನನ್ನು ಧ್ವನಿ ರೆಕಾರ್ಡ್ ಮಾಡಿ ಕೊಡಲು ಬಿಟ್ಟರು. ಪ್ರಶ್ನೆಗಳನ್ನು ಬಾಯಲ್ಲೇ ಕೇಳಿದರು, ಅದೂ ರೆಕಾರ್ಡ್ ಆಯಿತು. ವಿಮರ್ಶೆಯ ಭಾಗವನ್ನೇ ಬಿಟ್ಟುಬಿಡಿ ಅಂತ ಕೇಳಿ ನೋಡಿದೆ. ಆಗಲ್ಲ ಅಂದರು. ಅದು ಸರಿಯೇ, ಅಲ್ವಾ? ತನ್ನ ಸೆಷನ್ ಹೇಗೆ ಹೋಯಿತು ಅಂತ ಹೇಳಲಾರದವನು ಕೋಚ್ ಹೇಗಾಗುತ್ತಾನೆ? ತೋರಿಸುವ ದಾರಿ ಬದಲಾಗಬಹುದು, ತೋರಿಸಬೇಕಾದ್ದು ಬದಲಾಗಲ್ಲ. ಮಕ್ಕಳ ಸುರಕ್ಷತೆಯ ವಿಷಯದಲ್ಲಂತೂ ಒಂದಿಂಚೂ ಬಿಡಲಿಲ್ಲ.

ನಮ್ಮ ಬ್ಯಾಚಿನಲ್ಲಿ ಮಂಡಿ ಆಪರೇಷನ್ ಆದ ಒಬ್ಬ ಹಿರಿಯ ಹೆಂಗಸು ಇದ್ದರು. ನೆಟ್ ಹತ್ತಿರ ಲಂಜ್ (ಮಂಡಿ ಬಗ್ಗಿಸಿ ಮುಂದಕ್ಕೆ ಇಡುವ ದೊಡ್ಡ ಹೆಜ್ಜೆ) ಮಾಡಿ ತೋರಿಸಲು ಅವರಿಗೆ ಆಗುತ್ತಿರಲಿಲ್ಲ. ಒಪ್ಪಿಗೆ ಪಡೆದು ಒಬ್ಬ ಹುಡುಗಿಯಿಂದ ಆ ಹೆಜ್ಜೆ ಮಾಡಿಸಿದರು. ತಾವು ಪಕ್ಕದಲ್ಲಿ ನಿಂತು ಪಾದ ಯಾವ ಕಡೆ ತಿರುಗಿದೆ, ಮಂಡಿ ಒಳಗೆ ಬೀಳುತ್ತಿದೆಯಾ ಅಂತ ಒಂದೊಂದೇ ಬಿಡಿಸಿ ಹೇಳಿದರು. ನಿಜ ಹೇಳಬೇಕೆಂದರೆ ನನಗಿಂತ ಅವರೇ ಚೆನ್ನಾಗಿ ಕಲಿಸಿದರು. ನಾನು ಸುಮ್ನೆ ಆಡಿ ತೋರಿಸುತ್ತಿದ್ದೆ ಅಷ್ಟೇ.

ಇನ್ನು, "ಹೇಳಿಕೊಂಡರೆ ಸರ್ಟಿಫಿಕೇಟಿಗೆ ಬೆಲೆ ಇರಲ್ಲ, ಆಫೀಸಿಗೂ ಗೊತ್ತಾಗುತ್ತೆ" ಅನ್ನುವ ನಿಮ್ಮ ಹೆದರಿಕೆ. ನನ್ನ ಸರ್ಟಿಫಿಕೇಟಿನಲ್ಲಿ ಇದರ ಸುಳಿವೇ ಇಲ್ಲ. ಇಲ್ಲಿ ಆರೋಗ್ಯದ ಮಾಹಿತಿಗೆ ಯುಕೆ ಜಿಡಿಪಿಆರ್ ಅನ್ನುವ ಖಾಸಗಿ ಮಾಹಿತಿ ಕಾನೂನಿನ ಪ್ರಕಾರ ವಿಶೇಷ ರಕ್ಷಣೆ ಇದೆ, ಕೋರ್ಸಿನವರು ಅದನ್ನು ನಿಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿ ಹೇಳುತ್ತಾ ಕೂರುವುದಿಲ್ಲ. ಗೆಳೆಯನ ಕೈಲಿ ಪ್ಲಾನ್ ಬರೆಸುವ ಯೋಚನೆ ಇದೆ ಅಂದಿರಿ. ದಯವಿಟ್ಟು ಬೇಡ. ಅದು ನಾನು ಮಾಡಿದ್ದಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಮಾತೂ ನಿಮ್ಮದಾಗಿರಲ್ಲ.

"ಎಕ್ಸ್‌ಟ್ರಾ ಟೈಮ್ ಕೊಡಿ" ಅಂತ ಎಲ್ಲರ ಹಾಗೆ ಕೇಳಬೇಡಿ. ಬರೆಯಲು ಬರದವನಿಗೆ ಇನ್ನೊಂದು ಗಂಟೆ ಕೊಟ್ಟರೆ ಇನ್ನೊಂದು ಗಂಟೆ ಒದ್ದಾಡುತ್ತಾನೆ. ನಿಮಗೆ ಮಾತಾಡಲು ಬರುತ್ತೆ ಅಂದರೆ ಬಾಯಿಪ್ರಶ್ನೆ ಕೇಳಿ. ಫೀಸ್ ಕಟ್ಟುವ ಮೊದಲೇ ಕೋರ್ಸ್ ನಡೆಸುವ ಕೇಂದ್ರಕ್ಕೆ ಮೇಲ್ ಹಾಕಿ, ಉತ್ತರವೂ ಮೇಲ್‌ನಲ್ಲೇ ಬರಲಿ. "ಬನ್ನಿ, ಆ ದಿನ ನೋಡಿಕೊಳ್ಳೋಣ" ಅಂದರೆ ಬೇರೆ ಕೇಂದ್ರ ಹುಡುಕಿ.