ಮಂಡಗದ್ದೆಯಲ್ಲಿ ಹಕ್ಕಿ ಕಾಣಲಿಲ್ಲ ಅಂದವರಿಗೆ

ಶಿವಮೊಗ್ಗ ಜಿಲ್ಲೆಯ ಮಂಡಗದ್ದೆ ಪಕ್ಷಿಧಾಮಕ್ಕೆ ನೀವು ಹೋದ ಕಾಲವೇ ಸರಿಯಿಲ್ಲ ಅನ್ನಿಸುತ್ತದೆ. ಫೆಬ್ರವರಿಯಲ್ಲಿ ಅಲ್ಲಿನ ವೀಕ್ಷಣಾ ಗೋಪುರ ಹತ್ತಿದರೆ ಬರೀ ಮರ ಕಂಡಿದ್ದು ಸಹಜ. ಅಲ್ಲಿಗೆ ಹಕ್ಕಿಗಳು ಬರುವುದು ಮಳೆಗಾಲದಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಗೂಡು ಕಟ್ಟಲು. ಮರಿ ಹಾರಿದ ಮೇಲೆ ಅವಕ್ಕೆ ಅಲ್ಲೇನು ಕೆಲಸ?

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗಿ. ಮಳೆ ತಡವಾದ ವರ್ಷ ಗೂಡು ಕಟ್ಟುವುದೂ ತಡವಾಗಬಹುದು, ಹಾಗಾಗಿ ಮೊದಲು ಆ ಊರಿನವರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿಕೊಳ್ಳಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಅಷ್ಟೇ. ಸಂಜೆ ಐದರ ಹೊತ್ತಿಗೆ ಗೋಪುರದಲ್ಲಿರಿ. ಮೇಯಲು ಹೋದ ಬೆಳ್ಳಕ್ಕಿಗಳು ಗುಂಪುಗುಂಪಾಗಿ ವಾಪಸ್ ಬರುತ್ತವೆ.

ಬೈನಾಕ್ಯುಲರ್ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು. 12x ಕೈಯಲ್ಲಿ ಅಲುಗಾಡುತ್ತದೆ, ಸುಮ್ನೆ ದುಡ್ಡು ದಂಡ. ರೆಕ್ಕೆ ಬಿಚ್ಚಿ ಒಣಗಿಸುವ ಕಪ್ಪು ಹಕ್ಕಿ ಕಂಡರೆ ಕೊಕ್ಕು ನೋಡಿ: ತುದಿ ಬಾಗಿದ್ದರೆ ನೀರುಕಾಗೆ, ಭರ್ಜಿಯಂತೆ ನೇರವಾಗಿದ್ದು ಕುತ್ತಿಗೆ ಉದ್ದವಿದ್ದರೆ ಹಾವಕ್ಕಿ.

ಹೊಳೆ ಬೇಡ, ಕೆರೆಯೇ ಬೇಕು ಅಂದ್ರೆ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮ ನೋಡಿ. ಬಿಳಿ ಕೆಂಬರಲು (ಐಬಿಸ್ ಹಕ್ಕಿ) ಅಲ್ಲಿ ಜಾಸ್ತಿ. ಅದಕ್ಕೂ ಮಳೆಗಾಲವೇ ಒಳ್ಳೆಯದು. ಜಿಗಣೆ ಇರುತ್ತದೆ, ಉದ್ದನೆ ಕಾಲುಚೀಲ ಹಾಕಿಕೊಂಡು ಹೋಗಿ.